ಸಾಧನೆ ಓದುವುದಲ್ಲ, ಬರೆಯುವುದು

ಪಿಯುಸಿ ಮುಗಿಸಿ ಬಿ.ಎಸ್ಸಿ.ಗೆ ಬಂದ ಮಕ್ಕಳು ರಿಯಲ್ ಅನಾಲಿಸಿಸ್ ತರಗತಿಯಲ್ಲಿ ತಪ್ಪದೆ ಕೇಳುತ್ತಾರೆ: "ಮೇಡಂ, ಇದಕ್ಕೆ ಫಾರ್ಮುಲಾ ಯಾವುದು?" ಆಗ ನಾನು ಬೋರ್ಡಿನ ಮೇಲೆ 1 + 1/2 + 1/3 + 1/4 + ... ಎಂದು ಬರೆಯುತ್ತೇನೆ. ಹೀಗೆ ಕೂಡುತ್ತಲೇ ಹೋದರೆ ಮೊತ್ತ ಎಲ್ಲಾದರೂ ನಿಲ್ಲುತ್ತದೆಯೇ?

ಕ್ಯಾಲ್ಕುಲೇಟರ್ ಹಿಡಿದವರಿಗೆ ನಿಂತೇಬಿಡುತ್ತದೆ ಅನ್ನಿಸುತ್ತದೆ. ಸಹಜವೇ, ಮೊತ್ತ 10 ದಾಟಬೇಕಾದರೆ 12,367 ಪದಗಳು ಬೇಕು. ಆದರೆ ಅದು ನಿಲ್ಲುವುದಿಲ್ಲವೆಂದು ಫ್ರಾನ್ಸಿನ ನಿಕೋಲ್ ಒರೆಮ್ ಹದಿನಾಲ್ಕನೇ ಶತಮಾನದಲ್ಲೇ ತೋರಿಸಿದ್ದ. 1/3 ಮತ್ತು 1/4 ಕೂಡಿ ನೋಡಿ: 1/3 ಎಂಬುದು 1/4ಕ್ಕಿಂತ ದೊಡ್ಡದು, ಆದ್ದರಿಂದ ಎರಡೂ ಸೇರಿ ಅರ್ಧಕ್ಕಿಂತ ಹೆಚ್ಚು. 1/5ರಿಂದ 1/8ರವರೆಗಿನ ನಾಲ್ಕರಲ್ಲಿ ಯಾವುದೂ 1/8ಕ್ಕಿಂತ ಕಡಿಮೆಯಿಲ್ಲ. ಅಲ್ಲೂ ಅರ್ಧ ದಾಟಿತು. ಮುಂದಿನ ಎಂಟು, ಆಮೇಲಿನ ಹದಿನಾರು, ಪ್ರತಿ ಗುಂಪಿನದೂ ಇದೇ ಕಥೆ. ನೀವು ಎಷ್ಟೇ ದೊಡ್ಡ ಸಂಖ್ಯೆ ಹೇಳಿ, ಮೊತ್ತ ಅದನ್ನು ಮೀರುತ್ತದೆ. ಯಾವ ಕಂಪ್ಯೂಟರೂ ಕೂಡಿ ಮುಗಿಸಲಾಗದ್ದನ್ನು ನಾಲ್ಕು ಸಾಲಿನ ಈ ಸಾಧನೆ ತೀರ್ಮಾನಿಸಿತು. ವರ್ಷವರ್ಷವೂ ಇದನ್ನು ಬರೆಯುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಲಿಮಿಟ್‌ನ ಎಪ್ಸಿಲಾನ್-ಡೆಲ್ಟಾ ವ್ಯಾಖ್ಯೆ ತಲೆಗೆ ಹತ್ತಲಿಲ್ಲವೆಂದು ಧೈರ್ಯಗೆಡುವವರಿಗೆ ಜರ್ಮನಿಯ ಗಣಿತಜ್ಞ ಡೆಡೆಕಿಂಡ್‌ನ ವಿಷಯ ಹೇಳುತ್ತೇನೆ. 1858ರಲ್ಲಿ ಜೂರಿಕ್‌ನಲ್ಲಿ ಕ್ಯಾಲ್ಕುಲಸ್ ಪಾಠ ಮಾಡುವಾಗ, ವಾಸ್ತವ ಸಂಖ್ಯೆಗಳಿಗೇ ಗಟ್ಟಿ ತಳಪಾಯವಿಲ್ಲವಲ್ಲ ಎಂಬುದು ಆತನನ್ನು ಕಾಡಿತು. ಕಂಡುಕೊಂಡ ಉತ್ತರವನ್ನು ಅಚ್ಚು ಹಾಕಿಸಿದ್ದು 1872ರಲ್ಲಿ. ಪಾಠ ಹೇಳುವವರನ್ನೇ ಕಾಡಿದ್ದು ನಮ್ಮ ಮಕ್ಕಳಿಗೆ ಒಂದು ಸೆಮಿಸ್ಟರ್‌ನಲ್ಲಿ ಬರಲೇಬೇಕೆನ್ನುವುದು ನ್ಯಾಯವಲ್ಲ.

ಆಲ್ಜೀಬ್ರಾದಲ್ಲಿ ಕೆಲಸಕ್ಕೆ ಬರುವುದು ಪ್ರಮೇಯವನ್ನು ತಿರುಗಿಸಿ ಕೇಳುವ ಅಭ್ಯಾಸ. ಸಬ್‌ಗ್ರೂಪಿನ ಸದಸ್ಯರ ಸಂಖ್ಯೆ ಗ್ರೂಪಿನ ಸಂಖ್ಯೆಯನ್ನು ಭಾಗಿಸುತ್ತದೆ ಎನ್ನುತ್ತದೆ ಲಗ್ರಾಂಜನ ಪ್ರಮೇಯ. ಹಾಗಾದರೆ 12 ಸದಸ್ಯರಿರುವ ಗ್ರೂಪಿನಲ್ಲಿ 6 ಸದಸ್ಯರ ಸಬ್‌ಗ್ರೂಪ್ ಇರಲೇಬೇಕೇ? ಬೇಕಿಲ್ಲ. ನಾಲ್ಕು ವಸ್ತುಗಳ ಸಮ ಕ್ರಮಪಲ್ಲಟನೆಗಳ ಗ್ರೂಪಿನಲ್ಲಿ ಅದು ಸಿಗುವುದಿಲ್ಲ. ಹುಡುಕಿ ಸೋತವರಿಗೆ ಆ ಪ್ರಮೇಯ ಮರೆಯುವುದಿಲ್ಲ.

ಗೈಡ್ ಉರುಹೊಡೆದರೆ ಪರೀಕ್ಷೆ ಪಾಸಾಗಬಹುದು, ಗಣಿತ ಬರುವುದಿಲ್ಲ. ಪುಸ್ತಕ ಮುಚ್ಚಿಟ್ಟು ಖಾಲಿ ಹಾಳೆ ತೆಗೆದುಕೊಳ್ಳಿ. 1 + 1/4 + 1/9 + 1/16 + ... ಎಷ್ಟು ಕೂಡಿದರೂ ಈ ಮೊತ್ತ 2ನ್ನು ದಾಟುವುದಿಲ್ಲ. ಏಕೆಂದು ನೀವೇ ಬರೆದು ನೋಡಿ.