ಹೆಸರು ಮುಂದೆ, ಮೇಷ್ಟರು ಹಿಂದೆ

ಹೊಸ ತರಗತಿಗೆ ಮೊದಲ ದಿನ ಹೋಗುವ ಅಧ್ಯಾಪಕನಿಗೆ ಒಂದು ಭ್ರಮೆ ಇರುತ್ತದೆ. ಹುಡುಗರು ತನ್ನನ್ನು ಇಂದೇ ಮೊದಲು ಕಾಣುತ್ತಿದ್ದಾರೆ ಎಂಬುದೇ ಆ ಭ್ರಮೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ಮೇಲೂ ನನಗೆ ಅದು ಹೋಗಿರಲಿಲ್ಲ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಬೆಳಿಗ್ಗೆ, ನಾನು ಹಾಜರಿ ಕರೆದು ಮುಗಿಸುವ ಮೊದಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ನೀವು ಕೀಚಕನ ವೇಷ ಹಾಕಿದ್ರಂತೆ?" ಎಂದ. ತರಗತಿಯೆಲ್ಲ ನಕ್ಕಿತು. ಅಧ್ಯಾಪಕರ ಒಂದು ಸಮಾರಂಭದಲ್ಲಿ ನಾನು ಬಣ್ಣ ಹಚ್ಚಿಕೊಂಡದ್ದು ನಿಜ. ಮಿತ್ರರೊಬ್ಬರು ಆ ಚಿತ್ರವನ್ನು ಫೇಸ್‌ಬುಕ್ಕಿಗೆ ಏರಿಸಿ, ಅದಕ್ಕೆ ನನ್ನ ಹೆಸರನ್ನೂ ಅಂಟಿಸಿದ್ದರು. ನಾನು ತರಗತಿಗೆ ಬರುವ ಮೊದಲೇ ನನ್ನ ಹೆಸರು ಅಲ್ಲಿ ಬಂದು ಕುಳಿತಿತ್ತು.

ಹೆಸರು ಮುಂದೆ ಹೋಗುವುದು ಹೊಸ ಸಂಗತಿಯಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಟಿ. ಎಸ್. ವೆಂಕಣ್ಣಯ್ಯನವರು ಬರೆದು ಪ್ರಕಟಿಸಿದ್ದು ಅವರ ವಿದ್ವತ್ತಿನ ಅಳತೆಗೆ ಸ್ವಲ್ಪವೇ. ೧೯೩೯ರಲ್ಲಿ ಅವರು ತೀರಿಕೊಂಡರು. ಅವರ ಶಿಷ್ಯರಾದ ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಅವರಿಗೆ. ಅವರ ಪಾಠವನ್ನು ಒಂದು ದಿನವೂ ಕೇಳದ ನನ್ನಂಥವರಿಗೂ ಅವರು ಗುರುಗಳೆಂದು ತೋರುವುದು ಶಿಷ್ಯರ ನೆನಪಿನಿಂದ. ಸಣ್ಣ ಊರುಗಳಲ್ಲಿಯೂ ಹೀಗೆಯೇ. "ಆ ಮೇಷ್ಟರು ಮಹಾ ಕೋಪಿಷ್ಠರು, ಆದರೆ ಫೀಸು ಕಟ್ಟಲಾರದ ಹುಡುಗನಿಗೆ ತಾವೇ ಕಟ್ಟಿದವರು" ಎಂದು ಊರು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುತ್ತಿತ್ತು. ಊರಿಗೆ ಇಡೀ ಮನುಷ್ಯ ಗೊತ್ತಿದ್ದ. ಇನ್ನೂ ಒಂದು ಗುಣ ಊರಿಗಿತ್ತು. ಅದು ಸಣ್ಣಪುಟ್ಟ ತಪ್ಪುಗಳನ್ನು ಮರೆಯುತ್ತಿತ್ತು.

ಅಂತರಜಾಲಕ್ಕೆ ಈ ಎರಡು ಗುಣಗಳೂ ಇಲ್ಲ. ಅಲ್ಲಿನ ಶೋಧಕ ಯಂತ್ರ ಕೆಲಸಮಾಡುವ ಬಗೆಯನ್ನು ಸ್ವಲ್ಪ ತಿಳಿದರೆ ಇದು ಸ್ಪಷ್ಟವಾಗುತ್ತದೆ. ಗೂಗಲ್‌ನಂತಹ ಯಂತ್ರ ಜಾಲದ ಪುಟಗಳನ್ನು ಮುಂಚೆಯೇ ಓದಿ, ಯಾವ ಮಾತು ಯಾವ ಪುಟದಲ್ಲಿದೆ ಎಂಬ ಸೂಚಿಯನ್ನು ಸಿದ್ಧಮಾಡಿ ಇಟ್ಟುಕೊಂಡಿರುತ್ತದೆ, ದೊಡ್ಡ ಗ್ರಂಥದ ಕೊನೆಯಲ್ಲಿರುವ ಪದಸೂಚಿಯ ಹಾಗೆ. ನಾವು ಒಂದು ಹೆಸರನ್ನು ಕೊಟ್ಟರೆ, ಕೇಳಿದ್ದಕ್ಕೆ ಹೆಚ್ಚು ಹೊಂದುವ, ಬೇರೆ ಪುಟಗಳು ಹೆಚ್ಚಾಗಿ ಬೊಟ್ಟುಮಾಡಿ ತೋರಿಸುವ ಪುಟಗಳನ್ನು ಮೇಲಿಟ್ಟು ಕೊಡುತ್ತದೆ. ಮನುಷ್ಯನ ಶೀಲವನ್ನು ತೂಗುವ ತಕ್ಕಡಿ ಅದರ ಬಳಿ ಇಲ್ಲ. ನನ್ನ ಬಗ್ಗೆ ಅಲ್ಲಿ ಇರುವುದು ಒಂದೇ ಸಂಗತಿಯಾದರೆ ಆ ಒಂದೇ ನಾನಾಗುತ್ತೇನೆ. ಇಪ್ಪತ್ತು ವರ್ಷದ ಪಾಠ ಇಲ್ಲ. ಒಂದು ಸಂಜೆಯ ಕೀಚಕನಿದ್ದಾನೆ.

ಮರೆವು ಮನುಷ್ಯನಿಗೆ ಬೇಕು ಎಂಬುದನ್ನು ನ್ಯಾಯಾಲಯಗಳೂ ಕಂಡಿವೆ. ೧೯೯೮ರಲ್ಲಿ ಸ್ಪೇನಿನ ಪತ್ರಿಕೆಯೊಂದರಲ್ಲಿ ಒಬ್ಬರ ಸಾಲಕ್ಕಾಗಿ ಆಸ್ತಿ ಹರಾಜಾಗುವ ಪ್ರಕಟಣೆ ಬಂದಿತ್ತು. ಸಾಲ ತೀರಿ ಎಷ್ಟೋ ವರ್ಷಗಳಾದ ಮೇಲೂ ಅವರ ಹೆಸರನ್ನು ಹುಡುಕಿದವರಿಗೆ ಆ ಪ್ರಕಟಣೆಯೇ ಎದುರಾಗುತ್ತಿತ್ತು. ಅಂಥ ಹಳಸಿದ, ಈಗ ಸಂಬಂಧವಿಲ್ಲದ ಸಂಗತಿಯ ಕೊಂಡಿಯನ್ನು ತೆಗೆಯಬೇಕೆಂದು ಕೇಳುವ ಹಕ್ಕು ವ್ಯಕ್ತಿಗೆ ಉಂಟೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ೨೦೧೪ರಲ್ಲಿ ಹೇಳಿತು. ನಮ್ಮಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಹೂಡಿದ ಮೊಕದ್ದಮೆಯಿಂದ ಎದ್ದ ಪ್ರಶ್ನೆಗೆ, ಖಾಸಗಿತನ ಮೂಲಭೂತ ಹಕ್ಕೇ ಹೌದೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ಉತ್ತರಿಸಿತು.

ಇವನ್ನೆಲ್ಲ ಓದುವಾಗ ನಾನು ನನ್ನ ಖಾಸಗಿತನವನ್ನೇ ಕುರಿತು ಯೋಚಿಸುತ್ತಿದ್ದೆ. ಹುಡುಗರಿಗೂ ಅದು ಉಂಟೆಂಬುದು ತಿಳಿದದ್ದು ನನ್ನದೇ ತಪ್ಪಿನಿಂದ. ಅದನ್ನು ಹೇಳಿಕೊಳ್ಳಲು ಈಗಲೂ ಸಂಕೋಚವಾಗುತ್ತದೆ. ಆದರೆ ಹೇಳದಿದ್ದರೆ ಈ ಮಾತುಗಳಿಗೆ ಬೆಲೆಯಿಲ್ಲ.

ಒಂದು ಪರೀಕ್ಷೆಯಲ್ಲಿ "ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ಕೊಟ್ಟಿದ್ದೆ. ಒಬ್ಬ ಹುಡುಗ, ಕೈ ಕೆಸರಾದರೆ ಚೆನ್ನಾಗಿ ತೊಳೆದುಕೊಂಡು ಆಮೇಲೆ ಮೊಸರನ್ನ ಉಣ್ಣಬೇಕು ಎಂದು ಎರಡು ಸಾಲು ಬರೆದು ಮುಗಿಸಿದ್ದ. ನನಗೆ ನಗು ತಡೆಯಲಾಗಲಿಲ್ಲ. ಉತ್ತರದ ಚಿತ್ರ ತೆಗೆದು, ಹೆಸರು ಕಾಣದಂತೆ ಕತ್ತರಿಸಿ, ವಾಟ್ಸ್‌ಆ್ಯಪಿನಲ್ಲಿದ್ದ ಹಳೆಯ ಸ್ನೇಹಿತರ ಗುಂಪಿಗೆ ಕಳುಹಿಸಿದೆ. ಎಂಟು ಹತ್ತು ಜನರ ಗುಂಪು, ಎಲ್ಲರೂ ನಕ್ಕರು. ಒಂದು ವಾರದಲ್ಲಿ ಆ ಚಿತ್ರ ಸುತ್ತಿ ಸುತ್ತಿ ನಮ್ಮ ಹುಡುಗರ ಕೈಗೇ ಬಂತು. ಹೆಸರು ಕತ್ತರಿಸಿದ್ದೆ, ಅಕ್ಷರವನ್ನು ಕತ್ತರಿಸಲು ಆಗುತ್ತದೆಯೇ? ಪಕ್ಕದಲ್ಲಿ ಕುಳಿತವರು ಒಂದೇ ನೋಟಕ್ಕೆ ಗುರುತು ಹಿಡಿದರು. ಅವನಿಗೆ 'ಮೊಸರನ್ನ' ಎಂಬ ಅಡ್ಡಹೆಸರಾಯಿತು.

ಹುಡುಗ ತರಗತಿಯಲ್ಲಿ ಕೈ ಎತ್ತುವುದನ್ನು ಬಿಟ್ಟ. ನಾನು ಅವನನ್ನು ಕರೆದು ಮಾತನಾಡಿಸಿದಾಗ ಬಹಳ ಹೊತ್ತಿನ ಮೇಲೆ, "ನಮ್ಮನೇಲಿ ಹಂಗೇ ಸಾರ್. ಅವ್ವ ಗದ್ದೆಯಿಂದ ಬಂದು ಕೈ ತೊಳ್ಕೊಂಡೇ ಬಡಿಸೋದು" ಎಂದ. ಅವನು ಬರೆದದ್ದು ತಪ್ಪು ಉತ್ತರವಾಗಿರಲಿಲ್ಲ, ಅರ್ಧ ಉತ್ತರವಾಗಿತ್ತು. ಉಳಿದರ್ಧವನ್ನು ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಮರುದಿನ ಇಡೀ ತರಗತಿಯ ಎದುರಿಗೆ ಕ್ಷಮೆ ಕೇಳಿದೆ. ಚಿತ್ರವನ್ನು ಗುಂಪಿನಿಂದ ಅಳಿಸಿದೆ. ಆದರೆ ಅಳಿಸಿದ್ದು ನನ್ನಲ್ಲಿದ್ದದ್ದು ಮಾತ್ರ. ಎರಡು ವರ್ಷಗಳ ಮೇಲೆ ಅಪರಿಚಿತರೊಬ್ಬರು ಅದೇ ಚಿತ್ರವನ್ನು, ಹಲವು ಬಾರಿ ರವಾನೆಯಾಗಿದೆ ಎಂಬ ಗುರುತಿನೊಡನೆ, ನನಗೇ ಹಾಸ್ಯವೆಂದು ಕಳುಹಿಸಿದರು.

ಅಂದಿನಿಂದ ನಾನು ಕೆಲವು ಪಾಠಗಳನ್ನು ಕಲಿತೆ. ಕೇಳುತ್ತಿರುವವರಲ್ಲಿ ಅಧ್ಯಾಪಕರಿದ್ದರೆ ಅವರಿಗೆ ಉಪಯೋಗವಾದೀತು.

ಮೊದಲನೆಯದು, ಮಕ್ಕಳದ್ದು ಮಕ್ಕಳದೇ. ಅವರ ಮುಖ, ಅಂಕ, ಅಕ್ಷರ, ಮನೆಯ ಸ್ಥಿತಿ ಇವು ನಮ್ಮ ಹೆಸರನ್ನು ಬೆಳಗಿಸಲು ಎಣ್ಣೆಯಲ್ಲ. ೨೦೨೩ರಲ್ಲಿ ಸಂಸತ್ತು ಮಾಡಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ ಹದಿನೆಂಟು ತುಂಬದವರನ್ನು ಮಕ್ಕಳೆಂದು ಕರೆದು, ಅವರ ವಿವರಗಳನ್ನು ಬಳಸುವ ಸಂಸ್ಥೆಗಳಿಗೆ ತಂದೆತಾಯಿಯರ ಒಪ್ಪಿಗೆ ಬೇಕೆಂದು ವಿಧಿಸಿದೆ. ಕಾಯಿದೆ ನಮ್ಮ ಗೆಳೆಯರ ಗುಂಪಿನವರೆಗೆ ಬರಲಿ, ಬಾರದಿರಲಿ, ಮೇಷ್ಟರಿಗೆ ಮನಸ್ಸಾಕ್ಷಿ ಸಾಕು.

ಎರಡನೆಯದು, ಆಗಾಗ ನಮ್ಮ ಹೆಸರನ್ನು ನಾವೇ ಹುಡುಕಿ ನೋಡಬೇಕು; ಊರಿನ ಹೆಸರು, ಶಾಲೆಯ ಹೆಸರು ಸೇರಿಸಿಯೂ ನೋಡಬೇಕು. ಬೇಡದ ಚಿತ್ರ ಕಂಡರೆ ಏರಿಸಿದವರನ್ನು ಸೌಜನ್ಯದಿಂದ ಕೇಳಿದರೆ ಬಹುಮಟ್ಟಿಗೆ ತೆಗೆಯುತ್ತಾರೆ. ಇತರರು ನಮ್ಮ ಹೆಸರನ್ನು ಚಿತ್ರಕ್ಕೆ ಅಂಟಿಸಿದರೆ, ನಾವು ಒಪ್ಪುವವರೆಗೆ ಅದು ನಮ್ಮ ಪುಟದಲ್ಲಿ ಕಾಣದಂತೆ ಫೇಸ್‌ಬುಕ್ಕಿನಲ್ಲಿ ಏರ್ಪಾಡು ಮಾಡಿಕೊಳ್ಳಬಹುದು. ಮನೆಯ ಮಾತಿಗೆ ಒಂದು ಖಾತೆ, ಶಾಲೆಯ ಮಾತಿಗೆ ಒಂದು ಖಾತೆ ಇರುವುದು ಮೇಲು. ಆದರೆ ಬೇಲಿ ಎಷ್ಟೇ ಎತ್ತರವಾಗಿರಲಿ, ಒಳಗಿರುವ ಒಬ್ಬರು ಪುಟದ ಚಿತ್ರ ತೆಗೆದು ಹೊರಗೆ ಕೊಡಲು ಒಂದು ಕ್ಷಣ ಸಾಕು.

ಮೂರನೆಯದು ಸಿಟ್ಟಿನ ಮಾತು. ಸರ್ಕಾರಿ ಶಾಲೆಯವರಿಗೆ ನಡತೆಯ ನಿಯಮಗಳ ಹಂಗೂ ಇದೆ. ನಿಯಮವಿಲ್ಲದವರೂ ರಾತ್ರಿ ಬರೆದದ್ದನ್ನು ಬೆಳಿಗ್ಗೆ ಓದಿ ಕಳುಹಿಸುವುದು ಒಳ್ಳೆಯದು. ಅಭಿಪ್ರಾಯವೇ ಇರಬಾರದೆಂದು ನಾನು ಹೇಳುತ್ತಿಲ್ಲ. ತರಗತಿಯಲ್ಲಿ ನಿಂತು ಹೇಳಬಲ್ಲ ಧ್ವನಿಯಲ್ಲಿ ಅದನ್ನು ಹೇಳಬೇಕು, ಅಷ್ಟೆ.

ಕೊನೆಯದು ಮತ್ತು ಮುಖ್ಯವಾದದ್ದು, ಬಾಗಿಲು ಮುಚ್ಚಿ ಕುಳಿತರೆ ರಕ್ಷಣೆಯಾಗದು. ಖಾಲಿ ಜಾಗವನ್ನು ಬೇರೆಯವರು ತುಂಬುತ್ತಾರೆ. ನಮ್ಮ ನಿಜವಾದ ಕೆಲಸವನ್ನು ನಾವೇ ಅಲ್ಲಿ ಇಡಬೇಕು. ಕನ್ನಡ ವಿಕಿಪೀಡಿಯ ೨೦೦೩ರಿಂದ ಇದೆ. ಅಲ್ಲಿ ನಮ್ಮ ಊರಿನ ಕೆರೆ, ಶಾಸನಗಳ ಬಗ್ಗೆ ಆಧಾರ ಕೊಟ್ಟು ಬರೆಯಬಹುದು. ಪಾಠವನ್ನು ಧ್ವನಿಮುದ್ರಿಸಿ ಯೂಟ್ಯೂಬಿಗೆ ಹಾಕಬಹುದು. ನಾನು ಲಘು ಗುರು ಹಾಕಿ ಭಾಮಿನಿ ಷಟ್ಪದಿಯ ಮೂರು ನಾಲ್ಕರ ನಡೆಯನ್ನು ತಿಳಿಸುವ ಪುಟ್ಟ ಪಾಠಗಳನ್ನು, ಪೂರ್ಣ ಹೆಸರು ಮತ್ತು ವಿಷಯವನ್ನು ಸ್ಪಷ್ಟವಾಗಿ ನಮೂದಿಸಿ, ಒಂದೊಂದಾಗಿ ಇಟ್ಟೆ. ಎಲ್ಲಿಯದೋ ಊರಿನ ಹುಡುಗಿಯೊಬ್ಬಳು ಪ್ರಸ್ತಾರದಲ್ಲಿ ನಾನು ಮಾಡಿದ ಒಂದು ತಪ್ಪನ್ನು ತೋರಿಸಿದಳು. ತಿದ್ದಿಕೊಂಡು, ಅವಳಿಗೆ ಕೃತಜ್ಞತೆ ಬರೆದೆ. ತಪ್ಪು ತಿದ್ದಿಕೊಂಡ ಆ ಗುರುತೂ ಅಲ್ಲಿಯೇ ಇದೆ. ಅದು ಇರುವುದು ನನಗೆ ಇಷ್ಟ.

ಈಗ ನನ್ನ ಹೆಸರನ್ನು ಹುಡುಕಿದವರಿಗೆ ಮೊದಲು ಷಟ್ಪದಿ ಸಿಗುತ್ತದೆ. ಕೀಚಕ ಕೆಳಗೆಲ್ಲೋ ಇದ್ದಾನೆ. ಇರಲಿ, ಅವನಿಂದ ಯಾರಿಗೂ ನೋವಿಲ್ಲ. ಆದರೆ ಆ ಹುಡುಗನ ಎರಡು ಸಾಲು ಯಾರ ಯಾರ ಫೋನಿನಲ್ಲಿ ಇನ್ನೂ ತಿರುಗುತ್ತಿವೆಯೋ ನಾನರಿಯೆ. ಅದರಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ. ಆದರೂ ಜಾಲದಲ್ಲಿ ನನ್ನದೆಂದು ಒಪ್ಪಿಕೊಳ್ಳಲೇಬೇಕಾದ ಬರಹ ಅದೊಂದು. ಏನನ್ನಾದರೂ ಅಲ್ಲಿ ಇಡುವ ಮುನ್ನ, ನಾಳೆ ಇದನ್ನು ಮುಂದಿನ ಬೆಂಚಿನವನೂ ಹಿಂದಿನ ಬೆಂಚಿನವನೂ ಓದುತ್ತಾರೆ ಎಂದು ಒಂದು ಗಳಿಗೆ ನೆನೆಯುತ್ತೇನೆ. ಜಾಲದಲ್ಲಿ ಮೇಷ್ಟರು ಎಂದೂ ತರಗತಿಯ ಹೊರಗಿರುವುದಿಲ್ಲ.