ಹಾಸಿಗೆಯಿಂದ ಎದ್ದವರು

ಬಾಲ್ಯ, ಯೌವನ, ಮುಪ್ಪು ಇವು ಮನುಷ್ಯನ ಬಾಳಿನ ಮೂರು ಅವಸ್ಥೆಗಳು. ಮಕ್ಕಳ ಕಾಯಿಲೆಗಳನ್ನು ಕುರಿತು ವೈದ್ಯರು ಬಹುಕಾಲದಿಂದ ವಿಶೇಷ ಅಭ್ಯಾಸ ನಡೆಸುತ್ತ ಬಂದಿದ್ದಾರೆ. ಆದರೆ ಮುದುಕರ ಕಾಯಿಲೆಗಳ ವಿಷಯದಲ್ಲಿ ಅಂತಹ ಆಸಕ್ತಿ ಮೂಡಿದ್ದು ತೀರ ಈಚೆಗೆ. ಮೊಣಕಾಲಿನ ನೋವು, ಮಂದದೃಷ್ಟಿ, ಮರೆವು, ನಡಿಗೆಯಲ್ಲಿ ತತ್ತರ - ಇವೆಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ರೂಢಿಯಾಗಿತ್ತು. "ವಯಸ್ಸಾಯಿತು, ಇನ್ನೇನು ಮಾಡಲಾದೀತು?" ಎಂಬ ಮಾತು ಮನೆಗಳಲ್ಲಿ ಮಾತ್ರವಲ್ಲ, ಆಸ್ಪತ್ರೆಗಳಲ್ಲಿಯೂ ಕೇಳಿಬರುತ್ತಿತ್ತು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಇಂಗ್ಲೆಂಡಿನ ವೈದ್ಯೆ ಮಾರ್ಜರಿ ವಾರೆನ್ ಅಗ್ರಗಣ್ಯರು.

ವಾರೆನ್ ಅವರು ಹುಟ್ಟಿದ್ದು 1897ರಲ್ಲಿ. 1923ರಲ್ಲಿ ವೈದ್ಯ ಪದವಿ ಪಡೆದ ಅವರು 1926ರಲ್ಲಿ ಲಂಡನ್ ನಗರದ ಪಶ್ಚಿಮಕ್ಕಿರುವ ಐಸಲ್‌ವರ್ತಿನ ಆಸ್ಪತ್ರೆಯನ್ನು ಸೇರಿದರು. ಮುಂದೆ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯೆಂದು ಹೆಸರಾದದ್ದು ಇದೇ. ಅದರ ನೆರೆಯಲ್ಲಿಯೇ ಬಡವರಿಗಾಗಿ ಕಟ್ಟಿದ ಹಳೆಯ ಆಶ್ರಯಗೃಹವೊಂದಿತ್ತು. ಇಂಗ್ಲೆಂಡಿನಲ್ಲಿ ಬಹುಕಾಲ ಜಾರಿಯಲ್ಲಿದ್ದ ಬಡವರ ಕಾಯಿದೆಯ ಪ್ರಕಾರ, ದುಡಿಯಲಾರದ ಮತ್ತು ನೋಡಿಕೊಳ್ಳುವವರಿಲ್ಲದ ಜನರನ್ನು ಇಂತಹ ಗೃಹಗಳಲ್ಲಿ ಇರಿಸಿಕೊಳ್ಳುತ್ತಿದ್ದರು. 1929ರ ಶಾಸನವೊಂದರಿಂದ ಈ ಸಂಸ್ಥೆಗಳ ಹೊಣೆ ಸ್ಥಳೀಯ ಆಡಳಿತ ಮಂಡಲಿಗಳಿಗೆ ಬಂದಿತು. 1935ರಲ್ಲಿ ನೆರೆಯ ಆ ಆಶ್ರಯಗೃಹವೂ ಆಸ್ಪತ್ರೆಯ ವಶವಾಯಿತು. ಅಲ್ಲಿದ್ದ 714 ರೋಗಿಗಳ ಹೊಣೆ ವಾರೆನ್ ಅವರ ಮೇಲೆ ಬಿದ್ದಿತು.

ಈ ರೋಗಿಗಳಲ್ಲಿ ಹೆಚ್ಚಿನವರು ಮುದುಕರು. ಅನೇಕರು ವರ್ಷಗಟ್ಟಲೆ ಹಾಸಿಗೆಯಲ್ಲಿಯೇ ಮಲಗಿದ್ದವರು. ಅವರಿಗೆ ಅನ್ನ, ಬಟ್ಟೆ, ನೆರಳು ದೊರೆಯುತ್ತಿದ್ದವು. ದೊರೆಯದೆ ಇದ್ದುದು ಚಿಕಿತ್ಸೆ. ಪಾರ್ಶ್ವವಾಯು ಬಡಿದವರು, ಕೀಲುನೋವಿನವರು, ಬುದ್ಧಿಭ್ರಮಣೆಯಾದವರು, ಕೇವಲ ಅನಾಥರು - ಎಲ್ಲರೂ ಒಂದೇ ಕಡೆ ಬೆರೆತುಹೋಗಿದ್ದರು. ಇವರಿಗೆ ಇರುವ ಕಾಯಿಲೆ ಯಾವುದು, ಅದು ಗುಣವಾಗುವಂಥದೇ ಅಲ್ಲವೇ ಎಂದು ವಿಚಾರಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. "ದೀರ್ಘರೋಗಿ" ಎಂಬ ಒಂದೇ ಹೆಸರು ಎಲ್ಲರಿಗೂ ಸಾಕಾಗಿತ್ತು.

ವಾರೆನ್ ಅವರು ಮೊದಲು ಮಾಡಿದ ಕೆಲಸ ಮೇಲುನೋಟಕ್ಕೆ ಬಹಳ ಸಾಧಾರಣವಾದದ್ದು. ಅವರು ಒಬ್ಬೊಬ್ಬ ರೋಗಿಯನ್ನೂ ಕ್ರಮವಾಗಿ ಪರೀಕ್ಷಿಸಿದರು. ಅನಂತರ ಅವರನ್ನೆಲ್ಲ ಐದು ವರ್ಗಗಳಾಗಿ ವಿಂಗಡಿಸಿದರು. ದಿನದ ಸ್ವಲ್ಪ ಹೊತ್ತಾದರೂ ಎದ್ದು ಓಡಾಡಬಲ್ಲವರು ಒಂದು ವರ್ಗ. ಹಾಸಿಗೆ ಹಿಡಿದಿದ್ದರೂ ಮಲಮೂತ್ರಗಳ ಮೇಲೆ ಹತೋಟಿ ಇದ್ದವರು ಇನ್ನೊಂದು. ಆ ಹತೋಟಿ ತಪ್ಪಿದವರು ಮತ್ತೊಂದು. ಮನಸ್ಸು ಗೊಂದಲಗೊಂಡಿದ್ದರೂ ಶಾಂತರಾಗಿದ್ದವರು ನಾಲ್ಕನೆಯ ವರ್ಗ. ಮನೋವಿಕಾರದಿಂದ ಇತರರಿಂದ ಬೇರೆಯಾಗಿಯೇ ಇರಬೇಕಾದವರು ಐದನೆಯದು. ಹೀಗೆ ವಿಂಗಡಿಸಿದೊಡನೆ ಯಾರಿಗೆ ಯಾವ ಬಗೆಯ ಆರೈಕೆ ಬೇಕೆಂಬುದು ಸ್ಪಷ್ಟವಾಯಿತು. ಹಾಸಿಗೆಯಲ್ಲಿ ಇರಬೇಕಾದ ಕಾರಣವೇ ಇಲ್ಲದವರೂ ಅಲ್ಲಿ ಬಹುಮಂದಿ ಇದ್ದರೆಂಬುದು ಬೆಳಕಿಗೆ ಬಂದಿತು.

ಮಲಗಿದವರು ಮೇಲೇಳಲಾರದೆ ಹೋಗುವುದೇಕೆ? ರೋಗವೇ ಇದಕ್ಕೆ ಕಾರಣವೆಂದು ಹಿಂದೆ ಎಣಿಸಲಾಗಿತ್ತು. ಆದರೆ ಎಷ್ಟೋ ವೇಳೆ ಮಲಗುವಿಕೆಯೇ ರೋಗವನ್ನು ಬೆಳೆಸುತ್ತದೆ. ಕೆಲಸವಿಲ್ಲದ ಸ್ನಾಯುಗಳು ಕ್ಷೀಣಿಸುತ್ತವೆ, ಕೀಲುಗಳು ಬಿಗಿದುಕೊಳ್ಳುತ್ತವೆ, ಮೂಳೆಗಳು ಸುಣ್ಣದ ಅಂಶವನ್ನು ಕಳೆದುಕೊಳ್ಳುತ್ತವೆ. ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಒತ್ತಡ ಬಿದ್ದ ಕಡೆ ರಕ್ತದ ಹರಿವು ಕುಂದಿ ಹುಣ್ಣಾಗುತ್ತದೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚು. 1947ರಲ್ಲಿ ರಿಚರ್ಡ್ ಆಷರ್ ಎಂಬ ವೈದ್ಯರು ಹಾಸಿಗೆಯ ಈ ಅಪಾಯಗಳನ್ನು ಕುರಿತು ಬರೆದ ಲೇಖನ ಪ್ರಸಿದ್ಧವಾಯಿತು. ಆ ಮಾತಿಗೆ ಮುಂದೆ ಅಳತೆಯ ಆಧಾರವೂ ದೊರೆಯಿತು. 2007ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಆರೋಗ್ಯವಂತರಾದ 12 ಮಂದಿ ವೃದ್ಧರು 10 ದಿನ ಹಾಸಿಗೆಯಲ್ಲಿಯೇ ಇದ್ದರು. ಅಷ್ಟರಲ್ಲಿಯೇ ಅವರ ಕಾಲುಗಳು ಕೊಬ್ಬಲ್ಲದ ಅಂಗಾಂಶವನ್ನು ಸರಾಸರಿ 1 ಕಿಲೋಗ್ರಾಮಿನಷ್ಟು ಕಳೆದುಕೊಂಡಿದ್ದವು. 10 ದಿನದಲ್ಲಿ ಇಷ್ಟಾದರೆ 10 ವರ್ಷದಲ್ಲಿ ಎಷ್ಟಾದೀತೆಂದು ಊಹಿಸಬಹುದು.

ವಾರೆನ್ ಅವರು ತಮ್ಮ ರೋಗಿಗಳನ್ನು ಎಬ್ಬಿಸಿ ಕೂರಿಸುವುದರಿಂದ ಪ್ರಾರಂಭಿಸಿದರು. ಕೂರಬಲ್ಲವರಿಗೆ ನಿಲ್ಲುವುದನ್ನೂ, ನಿಲ್ಲಬಲ್ಲವರಿಗೆ ನಡೆಯುವುದನ್ನೂ ಅಭ್ಯಾಸ ಮಾಡಿಸಲಾಯಿತು. ಮಂಕು ಕವಿದಿದ್ದ ಕೋಣೆಗಳ ಗೋಡೆಗೆ ಹೊಸ ಬಣ್ಣ ಬಂದಿತು. ಬೆಳಕಿನ ವ್ಯವಸ್ಥೆ ಉತ್ತಮಗೊಂಡಿತು. ಈ ಕೆಲಸ ವೈದ್ಯರೊಬ್ಬರಿಂದಲೇ ಆಗುವಂಥದಲ್ಲವೆಂದು ವಾರೆನ್ ಅವರು ಅರಿತಿದ್ದರು. ದಾದಿಯರು, ಅಂಗಸಾಧನೆ ಕಲಿಸುವವರು, ರೋಗಿಯ ಮನೆಯ ಸ್ಥಿತಿಗತಿಯನ್ನು ತಿಳಿದ ಸಮಾಜಸೇವಕರು ಎಲ್ಲರೂ ಒಂದು ತಂಡವಾಗಿ ದುಡಿಯಬೇಕೆಂಬುದು ಅವರ ಮತವಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಗುಣವಾಗಬಲ್ಲೆನೆಂಬ ನಂಬಿಕೆ ರೋಗಿಯಲ್ಲಿಯೂ, ಗುಣಪಡಿಸಬಲ್ಲೆನೆಂಬ ನಂಬಿಕೆ ವೈದ್ಯನಲ್ಲಿಯೂ ಇರಬೇಕೆಂದು ಅವರು ಒತ್ತಿ ಹೇಳಿದರು.

ಇದರ ಫಲ ಬಲುಬೇಗ ಕಾಣತೊಡಗಿತು. ವರ್ಷಗಟ್ಟಲೆ ಮಲಗಿದ್ದ ಎಷ್ಟೋ ಮಂದಿ ಎದ್ದು ನಡೆದರು. ಕೆಲವರು ತಮ್ಮ ಮನೆಗಳಿಗೆ ಮರಳಿದರು. ಮನೆಯಿಲ್ಲದವರು ವೃದ್ಧರ ವಸತಿಗೃಹಗಳಿಗೆ ಹೋದರು. ದೀರ್ಘರೋಗಿಗಳಿಗಾಗಿ ಬೇಕಾಗಿದ್ದ ಹಾಸಿಗೆಗಳ ಸಂಖ್ಯೆ 714ರಿಂದ 240ಕ್ಕೆ ಇಳಿಯಿತು. ತೆರವಾದ ಹಾಸಿಗೆಗಳು ಬೇರೆ ರೋಗಿಗಳಿಗೆ ಒದಗಿದವು. ಎಲ್ಲರೂ ಗುಣವಾದರೆಂದು ಇದರ ಅರ್ಥವಲ್ಲ. ಗುಣವಾಗಬಲ್ಲವರು ಯಾರು, ಆಗಲಾರದವರು ಯಾರು ಎಂಬುದು ಪರೀಕ್ಷೆಯಿಂದ ತಿಳಿಯಬೇಕೇ ಹೊರತು ವಯಸ್ಸಿನಿಂದಲ್ಲ ಎಂಬುದು ಸಿದ್ಧವಾಯಿತು. 1943 ಮತ್ತು 1946ರಲ್ಲಿ ಅವರು ತಮ್ಮ ಅನುಭವವನ್ನು ವೈದ್ಯಪತ್ರಿಕೆಗಳಲ್ಲಿ ಪ್ರಕಟಿಸಿದರು. ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ವೃದ್ಧರಿಗೆ ಪ್ರತ್ಯೇಕ ವಿಭಾಗವಿರಬೇಕು, ವೈದ್ಯ ವಿದ್ಯಾರ್ಥಿಗಳು ಅಲ್ಲಿ ಕಲಿಯಬೇಕು ಎಂದು ಅವರು ವಾದಿಸಿದರು. 1909ರಲ್ಲಿಯೇ ಅಮೆರಿಕದ ಇಗ್ನಾಟ್ಸ್ ನಾಷರ್ ಎಂಬ ವೈದ್ಯರು ಈ ಶಾಖೆಗೆ "ಜೀರಿಯಾಟ್ರಿಕ್ಸ್" ಎಂಬ ಹೆಸರನ್ನು ಟಂಕಿಸಿದ್ದರು. ಹೆಸರಿಗೆ ತಕ್ಕ ರೂಪ ಬಂದುದು ವಾರೆನ್ ಅವರಂಥವರ ದುಡಿಮೆಯಿಂದ. ಅವರು 1960ರಲ್ಲಿ ವಿದೇಶ ಪ್ರಯಾಣದ ನಡುವೆ ರಸ್ತೆ ಅಪಘಾತಕ್ಕೆ ಸಿಲುಕಿ ತೀರಿಕೊಂಡರು.

ಆದರೆ ವೃದ್ಧರೆಲ್ಲರೂ ಆಸ್ಪತ್ರೆಯಲ್ಲಿ ಇರುವುದಿಲ್ಲ. ಬಹುಪಾಲು ಮಂದಿ ಇರುವುದು ಮನೆಗಳಲ್ಲಿ. ಅವರ ಸ್ಥಿತಿಯನ್ನು ತಿಳಿಯಲು ಜೋಸೆಫ್ ಷೆಲ್ಡನ್ ಎಂಬ ವೈದ್ಯರು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಪಟ್ಟಣದ ವೃದ್ಧರ ಮನೆಗಳಿಗೇ ಹೋಗಿ ವಿಚಾರಿಸಿದರು. ಪಡಿತರದ ದಾಖಲೆಗಳಿಂದ ಹೆಸರುಗಳನ್ನು ಆರಿಸಿಕೊಂಡು ನಡೆಸಿದ ಈ ಸಮೀಕ್ಷೆಯ ವರದಿ 1948ರಲ್ಲಿ ಪ್ರಕಟವಾಯಿತು. ವೃದ್ಧರ ಆರೈಕೆಯ ಹೆಚ್ಚಿನ ಭಾರವನ್ನು ಹೊತ್ತವರು ಮನೆಯವರು, ಅದರಲ್ಲಿಯೂ ಹೆಂಗಸರು ಎಂಬುದು ಅದರಿಂದ ತಿಳಿದುಬಂದಿತು. ಆ ಆರೈಕೆ ಮಾಡುವವರೂ ಬಳಲುತ್ತಾರೆ, ಅವರಿಗೂ ನೆರವು ಬೇಕು ಎಂಬ ವಿಚಾರ ಕ್ರಮೇಣ ಬಲಗೊಂಡಿತು.

ಒಬ್ಬ ವೈದ್ಯರ ಅನುಭವ ಎಷ್ಟೇ ಬೆಲೆಯುಳ್ಳದ್ದಾದರೂ ವಿಜ್ಞಾನ ಅಷ್ಟಕ್ಕೇ ತೃಪ್ತಿಪಡುವುದಿಲ್ಲ. ಅಳೆಯಲು ಒಂದು ಮಾನ ಬೇಕು; ಹೋಲಿಸಲು ಇನ್ನೊಂದು ಗುಂಪು ಬೇಕು. 1963ರಲ್ಲಿ ಅಮೆರಿಕದ ಸಿಡ್ನಿ ಕಾಟ್ಸ್ ಮತ್ತು ಸಂಗಡಿಗರು ಅಂತಹ ಮಾನವೊಂದನ್ನು ಪ್ರಕಟಿಸಿದರು. ಸ್ನಾನ, ಉಡುಪು ಧರಿಸುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರಗಳ ಹತೋಟಿ, ಉಣ್ಣುವುದು - ಈ ಆರರಲ್ಲಿ ಎಷ್ಟನ್ನು ಪರರ ನೆರವಿಲ್ಲದೆ ಮಾಡಿಕೊಳ್ಳಬಲ್ಲರೆಂದು ನೋಡುವುದೇ ಆ ಮಾನ. ರೋಗದ ಹೆಸರಿಗಿಂತ ದಿನನಿತ್ಯದ ಬಾಳು ಇಲ್ಲಿ ಮುಖ್ಯವಾಯಿತು.

ಹೋಲಿಕೆಯ ಪ್ರಯೋಗವೊಂದರ ಫಲ 1984ರಲ್ಲಿ ಹೊರಬಂದಿತು. ಅಮೆರಿಕದ ಲಾಸ್ ಏಂಜಲಿಸ್ ಪ್ರದೇಶದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯೊಂದರ 123 ಮಂದಿ ವೃದ್ಧರನ್ನು, ಚೀಟಿ ಎತ್ತಿದಂತೆ, ಯಾರ ಇಷ್ಟಾನಿಷ್ಟಗಳಿಗೂ ಎಡೆಯಿಲ್ಲದ ಕ್ರಮದಲ್ಲಿ ಎರಡು ಗುಂಪು ಮಾಡಲಾಯಿತು. ಹೀಗೆ ಮಾಡದಿದ್ದರೆ ಹೆಚ್ಚು ಗಟ್ಟಿಯಾದವರೆಲ್ಲ ಒಂದೇ ಗುಂಪಿಗೆ ಸೇರಿ ಫಲಿತಾಂಶ ದಾರಿ ತಪ್ಪಿಸಬಹುದು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ; ಇನ್ನೊಂದಕ್ಕೆ ವೃದ್ಧರಿಗಾಗಿಯೇ ಇದ್ದ ವಿಭಾಗದಲ್ಲಿ ತಂಡದ ಕೂಲಂಕಷ ಪರೀಕ್ಷೆ ಮತ್ತು ಆರೈಕೆ. ಒಂದು ವರ್ಷದಲ್ಲಿ ಮೊದಲ ಗುಂಪಿನಲ್ಲಿ ನೂರಕ್ಕೆ 48ರಷ್ಟು ಮಂದಿ ತೀರಿಕೊಂಡಿದ್ದರು. ಎರಡನೆಯದರಲ್ಲಿ ನೂರಕ್ಕೆ 24ರಷ್ಟು. ವಾರೆನ್ ಅವರ ಕಾಣ್ಕೆಗೆ ಅಂಕಿಗಳ ಬೆಂಬಲ ಹೀಗೆ ದೊರೆಯಿತು.

ಭಾರತದಲ್ಲಿಯೂ ಈ ವಿದ್ಯೆ ಬೇರುಬಿಟ್ಟಿದೆ. 1978ರಲ್ಲಿ ಮದರಾಸಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ, ಬ್ರಿಟನ್ನಿನಲ್ಲಿ ತರಬೇತಿ ಪಡೆದು ಬಂದಿದ್ದ ಡಾ. ವಿ. ಎಸ್. ನಟರಾಜನ್ ಅವರು ವೃದ್ಧರ ಚಿಕಿತ್ಸಾ ವಿಭಾಗವನ್ನು ತೆರೆದರು. 2011ರ ಜನಗಣತಿಯಂತೆ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು. 2017-18ರಲ್ಲಿ 45 ವರ್ಷ ಮೇಲ್ಪಟ್ಟ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ರಾಷ್ಟ್ರೀಯ ಅಧ್ಯಯನವೊಂದರ ಮೊದಲ ಸುತ್ತು ನಡೆಯಿತು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಜನರಲ್ಲಿ ವಯಸ್ಸಿನೊಡನೆ ಮಿದುಳು ಬದಲಾಗುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು ಅಭ್ಯಾಸಕ್ಕೆ ಎತ್ತಿಕೊಂಡಿದ್ದಾರೆ.

ಮುಪ್ಪನ್ನು ತಡೆಯಲು ಯಾವ ಸಂಶೋಧನೆಯಿಂದಲೂ ಸಾಧ್ಯವಾಗಿಲ್ಲ. ಮುಪ್ಪಿನ ಹೆಸರಿನಲ್ಲಿ ಅಡಗಿ ಕುಳಿತ ರೋಗವನ್ನು ಹುಡುಕಿ ತೆಗೆಯುವುದು ಸಾಧ್ಯವಾಗಿದೆ. ಮನೆಯ ಹಿರಿಯರು ಇದ್ದಕ್ಕಿದ್ದಂತೆ ನಡೆಯುವುದನ್ನು ಬಿಟ್ಟರೆ, ಊಟ ಸೇರದೆ ಹೋದರೆ, ಮಾತಿನಲ್ಲಿ ಗೊಂದಲ ತೋರಿದರೆ, ಅದಕ್ಕೆ ವಯಸ್ಸೇ ಕಾರಣವೆಂದು ಸುಮ್ಮನಿರದೆ "ಏನಾಯಿತು?" ಎಂದು ಕೇಳಬೇಕು. ಐಸಲ್‌ವರ್ತಿನ ಆ 714 ಹಾಸಿಗೆಗಳ ಬಳಿ ವಾರೆನ್ ಅವರು ಕೇಳಿದ ಪ್ರಶ್ನೆಯೂ ಅದೇ ಆಗಿತ್ತು.