ಪೇಯ್ಡ್ ಬೈ, ಪೇಯ್ಡ್ ಟು: ಅರ್ಜಿ ಬರೆಯುವ ಮಕ್ಕಳಿಗೆ ನಾಲ್ಕು ಮಾತು



ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವ ಕೆಲಸವನ್ನು ಟ್ರಸ್ಟ್ ನಮ್ಮಂಥ ನಿವೃತ್ತ ಶಿಕ್ಷಕರಿಗೆ ವಹಿಸಿದೆ. ಈ ವರ್ಷ ಒಂದು ಸಂಜೆ ಅರ್ಜಿಗಳನ್ನು ಓದುತ್ತ ಕುಳಿತಿದ್ದಾಗ, ಪದವಿ ಓದುತ್ತಿರುವ ಹೆಣ್ಣುಮಗಳೊಬ್ಬಳ ಪತ್ರ ಕೈಗೆ ಬಂತು. ಮುದ್ದಾದ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು. ಅದರಲ್ಲಿ ‘ಫೀಸ್ ಪೇಯ್ಡ್ ಬೈ ದ ಕಾಲೇಜ್’ ಎಂಬ ಸಾಲಿತ್ತು. ಹಾಗೆಂದರೆ ಕಾಲೇಜೇ ಫೀ ಕಟ್ಟಿದೆ ಎಂದರ್ಥ. ಬೇರೆ ಕಡೆಯಿಂದ ಸಹಾಯ ಸಿಗದವರಿಗೆ ಮೊದಲ ಆದ್ಯತೆ ಎಂಬುದು ನಮ್ಮ ಕ್ರಮ. ಅರ್ಜಿಯನ್ನು ಪಕ್ಕಕ್ಕಿಟ್ಟೆವು.

ಕೊನೆಯಲ್ಲಿ ಲಗತ್ತುಗಳನ್ನು ಮತ್ತೊಮ್ಮೆ ನೋಡುವಾಗ ಫೀ ರಸೀದಿ ಕಣ್ಣಿಗೆ ಬಿತ್ತು. ಹಣ ಕಟ್ಟಿದವರ ಜಾಗದಲ್ಲಿ ಅವಳ ತಂದೆಯ ಹೆಸರಿತ್ತು. ಫೋನ್ ಮಾಡಿ ವಿಚಾರಿಸಿದಾಗ, ಅದು ತಾಯಿಯ ಬಳೆ ಅಡವಿಟ್ಟು ಹೊಂದಿಸಿದ ಹಣ ಎಂದು ತಿಳಿಯಿತು. ಅವಳು ಹೇಳಹೊರಟಿದ್ದು ‘ಕಾಲೇಜಿಗೆ ಕಟ್ಟಿದ ಫೀ’ ಎಂದು. ‘ಟು’ ಇರಬೇಕಾದಲ್ಲಿ ‘ಬೈ’ ಬಂದದ್ದರಿಂದ ಕೊಟ್ಟವರು ಯಾರು, ಪಡೆದವರು ಯಾರು ಎಂಬುದೇ ಅದಲುಬದಲಾಗಿತ್ತು.

ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ತರಗತಿಯಲ್ಲಿ ನಾವು ‘ಗೋ, ವೆಂಟ್, ಗಾನ್’, ‘ರೈಟ್, ರೋಟ್, ರಿಟನ್’ ಎಂದು ಪಟ್ಟಿಯನ್ನು ಬಾಯಿಪಾಠ ಮಾಡಿಸಿದೆವು. ಆ ಮೂರನೆಯ ರೂಪಕ್ಕೆ ಪಾಸ್ಟ್ ಪಾರ್ಟಿಸಿಪಲ್ ಎಂದು ಹೆಸರು. ಕನ್ನಡದಲ್ಲಿ ಭೂತಕೃದಂತ ಎನ್ನುತ್ತೇವೆ. ಅದನ್ನು ಎಲ್ಲಿ ಬಳಸಬೇಕೆಂದು ಕಲಿಸಿದ್ದು ಹೆಚ್ಚಾಗಿ ಪ್ಯಾಸಿವ್ ವಾಯ್ಸ್ ಪಾಠದಲ್ಲಿ. ಅಲ್ಲಿ ಪ್ರತಿ ವಾಕ್ಯದಲ್ಲೂ ಮೂರನೆಯ ರೂಪದ ಹಿಂದೆಯೇ ‘ಬೈ’ ಬರುತ್ತಿತ್ತು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಮಕ್ಕಳ ಮನಸ್ಸಿನಲ್ಲಿ ಮಾತ್ರ ಅವೆರಡೂ ಬಿಡಿಸಲಾಗದ ಜೋಡಿ ಎಂದು ಉಳಿದುಬಿಟ್ಟಿತು. ದಿನಬಳಕೆಯ ಇಂಗ್ಲಿಷಿನಲ್ಲಿ ಮೂರನೆಯ ರೂಪಕ್ಕೆ ‘ಬೈ’ ಅಲ್ಲದೆ ಇನ್ನೂ ಹಲವು ಸಂಗಾತಿ ಪದಗಳಿವೆ. ಬಿಟ್ಟುಹೋದ ಆ ಪಾಠವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇವೆ.

ನಮ್ಮದು ಒಂದೇ ‘ಇಂದ’

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ನಾಮಪದದ ಕೊನೆಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಬಹುಪಾಲು ನಾಮಪದದ ಮುಂದೆ ನಿಲ್ಲುವ ಪ್ರೆಪೊಸಿಷನ್ ಮಾಡುತ್ತದೆ. ತೊಡಕು ಏನೆಂದರೆ, ನಮ್ಮ ಒಂದು ಪ್ರತ್ಯಯಕ್ಕೆ ಅಲ್ಲಿ ನಾಲ್ಕಾರು ಪದಗಳಿವೆ.

ಬಿದರಿ ಹೂದಾನಿಯನ್ನೇ ತೆಗೆದುಕೊಳ್ಳಿ. ಅದು ಸತು ಮತ್ತು ತಾಮ್ರದ ಮಿಶ್ರಲೋಹದಿಂದ ಆದದ್ದು, ಕುಶಲಕರ್ಮಿಗಳಿಂದ ತಯಾರಾದದ್ದು, ಬೆಳ್ಳಿಯಿಂದ ಅಲಂಕೃತವಾದದ್ದು. ಕನ್ನಡದಲ್ಲಿ ಮೂರು ಕಡೆಯೂ ‘ಇಂದ’. ಇಂಗ್ಲಿಷಿನಲ್ಲಿ ಲೋಹಕ್ಕೆ ‘ಮೇಡ್ ಆಫ್’, ಕುಶಲಕರ್ಮಿಗೆ ‘ಮೇಡ್ ಬೈ’, ಬೆಳ್ಳಿಗೆ ‘ಡೆಕೊರೇಟೆಡ್ ವಿತ್’. ಬೀದರ್ ಊರಿನ ಹೆಸರು ಬಂದರೆ ‘ಮೇಡ್ ಇನ್’. ಅದೇ ಹಾಲಿನಿಂದ ಮಾಡಿದ ಪನೀರಿಗೆ ‘ಮೇಡ್ ಫ್ರಮ್’. ಏಕೆಂದರೆ ಹಾಲು ಹಾಲಾಗಿ ಉಳಿದಿಲ್ಲ, ರೂಪ ಬದಲಾಗಿದೆ. ಹೂದಾನಿಯಲ್ಲಿ ಲೋಹ ಲೋಹವಾಗಿಯೇ ಕಾಣುತ್ತದೆ, ಹಾಗಾಗಿ ‘ಆಫ್’.

ನೆನಪಿಗೆ ಇಷ್ಟು ಸಾಕು: ಮಾಡಿದವರಿಗೆ ‘ಬೈ’, ಉಪಕರಣಕ್ಕೆ ‘ವಿತ್’, ಹಾಗೆಯೇ ಉಳಿದ ವಸ್ತುವಿಗೆ ‘ಆಫ್’, ರೂಪ ಬದಲಿಸಿದ ವಸ್ತುವಿಗೆ ‘ಫ್ರಮ್’. ಕೊನೆಯ ಎರಡರ ನಡುವಿನ ಗೆರೆಯನ್ನು ಇಂಗ್ಲಿಷರೂ ಎಲ್ಲ ಸಲ ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಮೊದಲ ಎರಡನ್ನು ಮಾತ್ರ ಕಲಸಬೇಡಿ. ‘ರಿಟನ್ ಬೈ’ ಆದ ಮೇಲೆ ಬರೆದವರ ಹೆಸರು, ‘ರಿಟನ್ ವಿತ್’ ಆದ ಮೇಲೆ ಪೆನ್ನು ಬರಬೇಕು.

ಮನೆಯಲ್ಲಿ ಉರ್ದು ಅಥವಾ ದಖ್ಖನಿ ಮಾತನಾಡುವ ಮಕ್ಕಳಿಗೂ ಇದೇ ತೊಡಕು. ‘ಲಕ್ಡೀ ಸೇ ಬನಾ’, ‘ಕಲಮ್ ಸೇ ಲಿಖಾ’, ‘ಬೀದರ್ ಸೇ ಆಯಾ’ ಎಂಬಲ್ಲೆಲ್ಲ ಒಂದೇ ‘ಸೇ’. ಎರಡು ಭಾಷೆ ಬಲ್ಲ ಮಗುವಿಗೆ ಎರಡು ಕಡೆಯಿಂದಲೂ ಒಂದೇ ಅಭ್ಯಾಸವಾಗಿರುತ್ತದೆ.

ಹಿಂದುಮುಂದಾಗುವ ಕ್ರಮ

‘ಅಪ್ಪ ಜೂನ್‌ನಲ್ಲಿ ಕಾಲೇಜಿಗೆ ಕಟ್ಟಿದ ಫೀ’ ಎನ್ನುತ್ತೇವೆ. ವಿವರವೆಲ್ಲ ಮೊದಲು, ‘ಫೀ’ ಕೊನೆಗೆ. ಇಂಗ್ಲಿಷಿನಲ್ಲಿ ಇದು ತಿರುಗುತ್ತದೆ: ‘ದ ಫೀ ಪೇಯ್ಡ್ ಟು ದ ಕಾಲೇಜ್ ಬೈ ಮೈ ಫಾದರ್ ಇನ್ ಜೂನ್’. ಮೊದಲು ‘ಫೀ’, ಆಮೇಲೆ ‘ಪೇಯ್ಡ್’, ಅದರ ಹಿಂದೆ ಒಂದೊಂದಾಗಿ ವಿವರಗಳು. ಕನ್ನಡದಲ್ಲಿ ‘ಅಪ್ಪ’ ಎಂಬುದಕ್ಕೆ ಯಾವ ಪ್ರತ್ಯಯವೂ ಬೇಕಾಗಲಿಲ್ಲ. ಇಂಗ್ಲಿಷಿನಲ್ಲಿ ‘ಬೈ’ ಇಲ್ಲದೆ ಅಪ್ಪನಿಗೆ ಜಾಗವಿಲ್ಲ. ಆ ಹುಡುಗಿ ಮುಗ್ಗರಿಸಿದ್ದು ಇಲ್ಲಿಯೇ.

ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದದ್ದು ನಿಮಗೆಲ್ಲ ಗೊತ್ತಿದೆ. ಆ ಪುಸ್ತಕದ ಬಗ್ಗೆ ಒಂದು ವಾಕ್ಯ ಬರೆದು ನೋಡಿ. ಬಾನು ಮುಷ್ತಾಕ್ ಅವರ ಹೆಸರಿಗೆ ‘ರಿಟನ್ ಬೈ’. ಕಥೆಗಳು ಮೂಲದಲ್ಲಿ ಕನ್ನಡದವು, ಅದಕ್ಕೆ ‘ರಿಟನ್ ಇನ್ ಕನ್ನಡ’. ಅನುವಾದಕ್ಕೆ ‘ಟ್ರಾನ್ಸ್‌ಲೇಟೆಡ್ ಫ್ರಮ್ ಕನ್ನಡ ಇಂಟು ಇಂಗ್ಲಿಷ್ ಬೈ ದೀಪಾ ಭಾಸ್ತಿ’. ‘ಟ್ರಾನ್ಸ್‌ಲೇಟೆಡ್’ ಎಂಬ ಒಂದೇ ಪದಕ್ಕೆ ಮೂವರು ಸಂಗಾತಿಗಳು: ಎಲ್ಲಿಂದ, ಎಲ್ಲಿಗೆ, ಯಾರಿಂದ. ಪ್ರತಿಯೊಂದಕ್ಕೂ ಅದರದೇ ಕೆಲಸ.

ಅರ್ಜಿಯಲ್ಲಿ ಎಡವುವ ಜಾಗಗಳು

‘ಬಾರ್ನ್’ ಎಂಬುದಕ್ಕೆ ಊರು ಅಥವಾ ವರ್ಷ ಬಂದರೆ ‘ಇನ್’, ತಾರೀಖು ಬಂದರೆ ‘ಆನ್’, ತಂದೆತಾಯಿಯ ಹೆಸರು ಬಂದರೆ ‘ಟು’. ಆದಾಯ ಪ್ರಮಾಣಪತ್ರ ತಹಶೀಲ್ದಾರರಿಂದ ‘ಇಶ್ಯೂಡ್ ಬೈ’, ನಿಮಗೆ ‘ಇಶ್ಯೂಡ್ ಟು’. ದಾಖಲೆ ಅರ್ಜಿಗೆ ‘ಅಟ್ಯಾಚ್ಡ್ ಟು’, ಪತ್ರದ ಜೊತೆ ‘ಎನ್‌ಕ್ಲೋಸ್ಡ್ ವಿತ್’. ಕಾಲೇಜಿಗೆ ‘ಅಡ್ಮಿಟೆಡ್ ಟು’. ನಮ್ಮಲ್ಲಿ ‘ಅಡ್ಮಿಟೆಡ್ ಇನ್’ ಎನ್ನುವವರೂ ಇದ್ದಾರೆ, ಅದರಿಂದ ಅರ್ಥ ಕೆಡುವುದಿಲ್ಲ.

ಅಕ್ಕನ ಮದುವೆಯ ವಿಷಯ ಬರೆಯುವಾಗ ಕನ್ನಡದ ‘ಜೊತೆ’ ನೆನಪಾಗಿ ‘ಮ್ಯಾರೀಡ್ ವಿತ್’ ಎಂದು ಬರೆಯುತ್ತೀರಿ. ಭಾವನವರ ಹೆಸರಿಗೆ ಬೇಕಾದದ್ದು ‘ಮ್ಯಾರೀಡ್ ಟು’. ‘ಮ್ಯಾರೀಡ್ ವಿತ್ ಟೂ ಚಿಲ್ಡ್ರನ್’ ಎಂಬ ಮಾತೂ ಉಂಟು. ಅದರ ಅರ್ಥ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ ಎಂದು.

ಮನಸ್ಸಿನ ಸ್ಥಿತಿ ಹೇಳುವ ಪದಗಳಲ್ಲಿ ಇನ್ನೂ ಎಚ್ಚರ ಬೇಕು. ‘ವಿಜ್ಞಾನದ ಬಗ್ಗೆ ಆಸಕ್ತಿ’ ಎಂಬುದು ‘ಇಂಟರೆಸ್ಟೆಡ್ ಅಬೌಟ್’ ಅಲ್ಲ, ‘ಇಂಟರೆಸ್ಟೆಡ್ ಇನ್’. ಚಿಂತೆಗೆ ‘ವರೀಡ್ ಅಬೌಟ್’, ತೃಪ್ತಿಗೆ ‘ಸ್ಯಾಟಿಸ್ಫೈಡ್ ವಿತ್’. ‘ಟಯರ್ಡ್ ಫ್ರಮ್ ವರ್ಕ್’ ಎಂದರೆ ದುಡಿದು ಮೈ ದಣಿದಿದೆ. ‘ಟಯರ್ಡ್ ಆಫ್ ವರ್ಕ್’ ಎಂದರೆ ಕೆಲಸವೇ ಬೇಸರವಾಗಿದೆ. ಬೀಡಿ ಕಟ್ಟಿ ದಣಿದ ತಾಯಿಯ ಬಗ್ಗೆ ಬರೆಯುವ ಮಗ ಯಾವುದನ್ನು ಬರೆಯಬೇಕೆಂದು ಯೋಚಿಸಿ.

‘ಯೂಸ್ಡ್ ಟು’ ಇನ್ನೊಂದು. ‘ಐ ಯೂಸ್ಡ್ ಟು ವಾಕ್ ಟು ಕಾಲೇಜ್’ ಎಂದರೆ ಹಿಂದೆ ನಡೆಯುತ್ತಿದ್ದೆ, ಈಗ ಇಲ್ಲ. ‘ಐ ಆಮ್ ಯೂಸ್ಡ್ ಟು ವಾಕಿಂಗ್’ ಎಂದರೆ ನಡೆದು ಅಭ್ಯಾಸವಾಗಿದೆ. ಮೊದಲನೆಯದರಲ್ಲಿ ಅದು ಎರಡನೆಯ ರೂಪ, ಎರಡನೆಯದರಲ್ಲಿ ಮೂರನೆಯ ರೂಪ. ಬರೆಯುವಾಗ ಮಾತ್ರ ಎರಡೂ ಒಂದೇ. ಇವತ್ತಿಗೂ ದಿನಾ ನಡೆದೇ ಕಾಲೇಜಿಗೆ ಹೋಗುವವನು ಮೊದಲ ವಾಕ್ಯ ಬರೆದರೆ, ಅವನಿಗೆ ಈಗ ಬಸ್ಸಿದೆ ಎಂದು ಓದುವವರು ತಿಳಿಯುತ್ತಾರೆ.

ಕಲಿಯುವುದು ಹೇಗೆ

ಇವಕ್ಕೆಲ್ಲ ಒಂದೇ ಸೂತ್ರವಿಲ್ಲ. ಮೂರನೆಯ ರೂಪವನ್ನು ಒಂಟಿಯಾಗಿ ಕಲಿಯದೆ, ಸಂಗಾತಿಯೊಡನೆ ಸೇರಿಸಿ ಒಂದೇ ಪದವೆಂಬಂತೆ ಕಲಿಯುವುದೇ ದಾರಿ. ನಾವು ಬಾಯಿಪಾಠ ಮಾಡಿಸಿದ ಮೂರು ಕಂಬಸಾಲಿನ ಪಟ್ಟಿಗೆ ನೀವು ನಾಲ್ಕನೆಯದನ್ನು ಸೇರಿಸಿ, ಅದರಲ್ಲಿ ಪ್ರೆಪೊಸಿಷನ್ ಮತ್ತು ನಿಮ್ಮದೇ ಒಂದು ವಾಕ್ಯ ಬರೆಯಿರಿ. ದಿನಕ್ಕೆ ಎರಡು ಸಾಕು.

ಸಂಶಯ ಬಂದಾಗ ಕಲಿಯುವವರಿಗೆಂದೇ ಇರುವ ನಿಘಂಟು ನೋಡಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು ಸಿದ್ಧಪಡಿಸಿದ ಅಂಥ ನಿಘಂಟನ್ನು ಆಕ್ಸ್‌ಫರ್ಡ್ 1948ರಲ್ಲಿ ಪ್ರಕಟಿಸಿತು. ಇಂಗ್ಲಿಷ್ ತಾಯ್ನುಡಿಯಲ್ಲದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಪುಸ್ತಕ ಅದು. ಅದರ ಇಂದಿನ ಆವೃತ್ತಿಗಳಲ್ಲಿ ಪದದ ಅರ್ಥದ ಜೊತೆಗೇ ಅದಕ್ಕೆ ಹೊಂದುವ ಪ್ರೆಪೊಸಿಷನ್ನೂ ಸಿಗುತ್ತದೆ. ಅರ್ಥ ಸಿಕ್ಕ ಕೂಡಲೇ ಪುಟ ಮುಚ್ಚಬೇಡಿ, ಮುಂದಿನ ಉದಾಹರಣೆ ವಾಕ್ಯವನ್ನೂ ಓದಿ.

ಅರ್ಜಿ ಬರೆದು ಮುಗಿದ ಮೇಲೆ ಹಣ, ದಾಖಲೆ, ಸಂಬಂಧ ಈ ಮೂರು ವಿಷಯದ ಸಾಲುಗಳನ್ನು ಮತ್ತೊಮ್ಮೆ ಓದಿ. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂದು ಕನ್ನಡದಲ್ಲಿ ಕೇಳಿಕೊಳ್ಳಿ. ಉತ್ತರಕ್ಕೂ ಬರೆದ ಸಾಲಿಗೂ ತಾಳೆಯಾದರೆ ಸರಿ.

ನಮ್ಮ ಕಡೆಯಿಂದಲೂ ಒಂದು ಮಾತು. ಅರ್ಜಿಯ ಜೊತೆಗಿನ ಪತ್ರವನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂಬ ನಿಯಮವಿಲ್ಲ. ಕನ್ನಡದಲ್ಲಿ ಬರೆದರೂ ಅಷ್ಟೇ ಗೌರವದಿಂದ ಓದುತ್ತೇವೆ. ಇಂಗ್ಲಿಷಿನಲ್ಲಿ ಬರೆದು ಎಡವಿದರೆ ಭಾಷೆಗಾಗಿ ಯಾರ ಅರ್ಜಿಯನ್ನೂ ತಳ್ಳುವುದಿಲ್ಲ. ಪತ್ರಕ್ಕೂ ರಸೀದಿಗೂ ಹೊಂದಾಣಿಕೆ ಕಾಣದಿದ್ದರೆ ಮೊದಲು ಅರ್ಜಿದಾರರನ್ನು ವಿಚಾರಿಸಬೇಕು, ಆಮೇಲೆ ತೀರ್ಮಾನ ಎಂದು ಈ ವರ್ಷದಿಂದ ನಾವೇ ನಿಯಮ ಮಾಡಿಕೊಂಡಿದ್ದೇವೆ. ಆ ಹೆಣ್ಣುಮಗಳ ವಿದ್ಯಾರ್ಥಿವೇತನ ಮಂಜೂರಾಗಿದೆ. ಸ್ವೀಕೃತಿ ಪತ್ರದಲ್ಲಿ ಅವಳು ‘ಅಮೌಂಟ್ ಪೇಯ್ಡ್ ಬೈ ದ ಟ್ರಸ್ಟ್ ಟು ದ ಕಾಲೇಜ್’ ಎಂದು ಬರೆದು, ‘ಬೈ’ ಮತ್ತು ‘ಟು’ ಎರಡರ ಕೆಳಗೂ ಗೆರೆ ಎಳೆದಿದ್ದಾಳೆ.